ಗೆದ್ದವರು ಯಾರು, ಆಳಿದವರು ಯಾರು: ಸ್ಕಾಟ್ಲೆಂಡಿನ ಕನ್ನಡಿಗ ಮತದಾರರಿಗೆ ಒಂದು ಬಹಿರಂಗ ಪತ್ರ

ಸ್ಕಾಟ್ಲೆಂಡಿನ ಬೇರೆ ಬೇರೆ ಊರುಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ ಹಾಗೂ ಇಲ್ಲಿನ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ,

ಮಾನ್ಯರೇ,

2027ರ ಮೇ 6ರಂದು ಸ್ಕಾಟ್ಲೆಂಡಿನ 32 ಸ್ಥಳೀಯ ಕೌನ್ಸಿಲ್‌ಗಳಿಗೂ ಒಂದೇ ದಿನ ಚುನಾವಣೆ ನಡೆಯಬೇಕಿದೆ. ಅದಕ್ಕೆ ಮುನ್ನ, 2022ರ ಮೇ 5ರಂದು ನಡೆದ ಹಿಂದಿನ ಚುನಾವಣೆಯ ಫಲಿತಾಂಶವನ್ನು ನಾವೆಲ್ಲರೂ ಒಮ್ಮೆ ಸಾವಧಾನವಾಗಿ ಓದಿಕೊಳ್ಳಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಯಾವ ಪಕ್ಷಕ್ಕೆ ಮತ ಹಾಕಬೇಕೆಂದು ಹೇಳುವುದು ನನ್ನ ಉದ್ದೇಶವಲ್ಲ. ಆ ತೀರ್ಮಾನ ನಿಮ್ಮದು. ನನ್ನ ಕೋರಿಕೆ ಇಷ್ಟೇ: ಮತ ಕೇಳಿಕೊಂಡು ಬರುವ ಪ್ರತಿಯೊಬ್ಬ ಅಭ್ಯರ್ಥಿಯನ್ನೂ, ಯಾರಿಗೂ ಬಹುಮತ ಬಾರದಿದ್ದಲ್ಲಿ ಅವರ ಪಕ್ಷ ಯಾರ ಜೊತೆ ಸೇರಿ ಕೌನ್ಸಿಲ್ ನಡೆಸುತ್ತದೆ, ಯಾರ ಜೊತೆ ಸೇರುವುದಿಲ್ಲ ಎಂದು ಮತದಾನಕ್ಕೆ ಮುಂಚೆಯೇ ಕೇಳಿ, ಸ್ಪಷ್ಟವಾದ ಉತ್ತರ ಪಡೆಯಬೇಕು. ಈ ಪ್ರಶ್ನೆ ಏಕೆ ಅಷ್ಟು ಮುಖ್ಯವೆಂಬುದು 2022ರ ಅಂಕಿಗಳನ್ನು ನೋಡಿದರೆ ತಾನಾಗಿ ತಿಳಿಯುತ್ತದೆ.

ಇಡೀ ಸ್ಕಾಟ್ಲೆಂಡಿನ ಲೆಕ್ಕ ಮೊದಲು. ಸ್ಕಾಟಿಷ್ ನ್ಯಾಷನಲ್ ಪಾರ್ಟಿ, ಅಂದರೆ ಎಸ್‌ಎನ್‌ಪಿ, 453 ಸ್ಥಾನಗಳನ್ನು ಪಡೆದು ಮೊದಲ ಸ್ಥಾನದಲ್ಲಿ ನಿಂತಿತು. ಲೇಬರ್ ಪಕ್ಷ 282, ಕನ್ಸರ್ವೇಟಿವ್ ಪಕ್ಷ 214, ಲಿಬರಲ್ ಡೆಮಾಕ್ರಟರು 87, ಗ್ರೀನ್ಸ್ 35 ಸ್ಥಾನ ಗಳಿಸಿದರು. ಉಳಿದವುಗಳಲ್ಲಿ ಬಹುತೇಕ ಎಲ್ಲವೂ ಪಕ್ಷೇತರರ ಪಾಲಾದವು. 2017ರಲ್ಲಿ 276 ಸ್ಥಾನ ಗೆದ್ದು ಎರಡನೆಯ ಸ್ಥಾನದಲ್ಲಿದ್ದ ಕನ್ಸರ್ವೇಟಿವರು ಈ ಬಾರಿ ಅರವತ್ತಕ್ಕೂ ಹೆಚ್ಚು ಸ್ಥಾನ ಕಳೆದುಕೊಂಡು ಲೇಬರ್‌ನ ಹಿಂದೆ ಬಿದ್ದರು. ಕೋವಿಡ್ ನಿರ್ಬಂಧಗಳ ಕಾಲದಲ್ಲಿ ಲಂಡನ್ನಿನ ಪ್ರಧಾನಿ ಕಚೇರಿಯಲ್ಲೇ ನಡೆದ ಕೂಟಗಳ ಹಗರಣ ಆಗ ಬಿಸಿಬಿಸಿಯಾಗಿತ್ತು. ಆಗಿನ ಕನ್ಸರ್ವೇಟಿವ್ ಪ್ರಧಾನಿ ಬೋರಿಸ್ ಜಾನ್ಸನ್ ಮೇಲಿನ ಸಿಟ್ಟನ್ನು ಜನ ತಮ್ಮ ವಾರ್ಡಿನ ಕನ್ಸರ್ವೇಟಿವ್ ಕೌನ್ಸಿಲರ್ ಮೇಲೆ ತೀರಿಸಿಕೊಂಡರು. ಕಸದ ಗಾಡಿಗೂ ಲಂಡನ್ನಿನ ಕೂಟಕ್ಕೂ ಏನು ಸಂಬಂಧವೆಂದು ಕೇಳಬಹುದು. ಆದರೆ ಸ್ಥಳೀಯ ಚುನಾವಣೆ ಸ್ಥಳೀಯ ವಿಷಯಗಳ ಮೇಲೆ ನಡೆಯುತ್ತದೆ ಎಂಬ ಮಾತು ಕರ್ನಾಟಕದಲ್ಲಿ ಎಷ್ಟರ ಮಟ್ಟಿಗೆ ನಿಜವೋ ಇಲ್ಲಿಯೂ ಅಷ್ಟರ ಮಟ್ಟಿಗೆ ಮಾತ್ರ ನಿಜ.

ಈ ಅಂಕಿಗಳನ್ನು ಪತ್ರಿಕೆಗಳು ಅಚ್ಚು ಹಾಕಿದವು. ಆದರೆ ನಿಮ್ಮ ಊರನ್ನು ಮುಂದಿನ ಐದು ವರ್ಷ ಯಾರು ನಡೆಸುತ್ತಾರೆಂಬುದು ಆ ಪಟ್ಟಿಯಲ್ಲಿ ಇರಲಿಲ್ಲ. 32 ಕೌನ್ಸಿಲ್‌ಗಳ ಪೈಕಿ ಒಂದೇ ಪಕ್ಷಕ್ಕೆ ಸ್ಪಷ್ಟ ಬಹುಮತ ಸಿಕ್ಕಿದ್ದು ಎರಡೇ ಎರಡು ಕಡೆ. ಡಂಡೀಯಲ್ಲಿ 29ರಲ್ಲಿ 15 ಸ್ಥಾನ ಎಸ್‌ಎನ್‌ಪಿಗೆ, ವೆಸ್ಟ್ ಡನ್‌ಬಾರ್ಟನ್‌ಶೈರ್‌ನಲ್ಲಿ 22ರಲ್ಲಿ 12 ಲೇಬರ್‌ಗೆ. ಆರ್ಕ್ನಿ, ಶೆಟ್ಲೆಂಡ್ ಮತ್ತು ಪಶ್ಚಿಮ ದ್ವೀಪಗಳ ಮೂರು ಕೌನ್ಸಿಲ್‌ಗಳಲ್ಲಿ ಎಂದಿನಂತೆ ಪಕ್ಷೇತರರದ್ದೇ ಮೇಲುಗೈ. ಅಲ್ಲಿ ಪಕ್ಷ ರಾಜಕಾರಣ ಬೇರು ಬಿಟ್ಟೇ ಇಲ್ಲ ಎನ್ನಬಹುದು. ಉಳಿದ 27 ಕಡೆ ಅತಂತ್ರ ಫಲಿತಾಂಶ. ಐದು ವರ್ಷಗಳ ಹಿಂದೆ, 2017ರಲ್ಲಿ, ಒಂದೇ ಒಂದು ಕೌನ್ಸಿಲ್‌ನಲ್ಲೂ ಯಾವ ಪಕ್ಷಕ್ಕೂ ಬಹುಮತ ಬಂದಿರಲಿಲ್ಲ. ಹೀಗಾಗಿ ಸ್ಕಾಟ್ಲೆಂಡಿನಲ್ಲಿ ಅತಂತ್ರ ಕೌನ್ಸಿಲ್ ಅಪವಾದವಲ್ಲ, ಅದೇ ಸಾಮಾನ್ಯ ಸ್ಥಿತಿ. ಡಂಡೀಯ ಓದುಗರು ನನ್ನ ಪ್ರಶ್ನೆ ತಮಗೆ ಅನ್ವಯಿಸುವುದಿಲ್ಲವೆಂದು ಭಾವಿಸಬಾರದು. ಅಲ್ಲಿನ ಬಹುಮತ ನಿಂತಿರುವುದು ಒಂದು ಸ್ಥಾನದ ಮೇಲೆ.

ನಾನಿರುವ ಎಡಿನ್‌ಬರೋವನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ನನ್ನ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇರೆ ಇಲ್ಲ. ಇಲ್ಲಿ ಒಟ್ಟು 63 ಸ್ಥಾನಗಳು. ಬಹುಮತಕ್ಕೆ 32 ಬೇಕು. 2017ರಲ್ಲಿ ಎಸ್‌ಎನ್‌ಪಿ 19, ಕನ್ಸರ್ವೇಟಿವ್ 18, ಲೇಬರ್ 12, ಗ್ರೀನ್ಸ್ 8, ಲಿಬರಲ್ ಡೆಮಾಕ್ರಟರು 6 ಗೆದ್ದಿದ್ದರು. ಆ ಐದು ವರ್ಷ ಎಸ್‌ಎನ್‌ಪಿ ಮತ್ತು ಲೇಬರ್ ಕೂಡಿ ನಗರವನ್ನು ನಡೆಸಿದವು. 2022ರಲ್ಲಿ ಎಸ್‌ಎನ್‌ಪಿ ಮತ್ತೆ 19, ಲೇಬರ್ 13, ಲಿಬರಲ್ ಡೆಮಾಕ್ರಟರು 12, ಗ್ರೀನ್ಸ್ 10, ಕನ್ಸರ್ವೇಟಿವ್ 9. ಗಮನಿಸಿ: ಆಳುತ್ತಿದ್ದ ಎರಡು ಪಕ್ಷಗಳಲ್ಲಿ ಒಂದು ತನ್ನ ಸ್ಥಾನಗಳನ್ನು ಹಾಗೆಯೇ ಉಳಿಸಿಕೊಂಡಿತು, ಇನ್ನೊಂದಕ್ಕೆ ಒಂದು ಸ್ಥಾನ ಹೆಚ್ಚಾಯಿತು. ಮತದಾರರು ಹಳೆಯ ಆಡಳಿತವನ್ನು ತಿರಸ್ಕರಿಸಿದರೆಂದು ಈ ಅಂಕಿಗಳನ್ನು ಹಿಡಿದು ಯಾರೂ ಹೇಳಲಾರರು. ಆದರೂ ಫಲಿತಾಂಶ ಬಂದು ಮೂರು ವಾರದೊಳಗೆ ಆಡಳಿತ ಬುಡಮೇಲಾಯಿತು. ಎಸ್‌ಎನ್‌ಪಿ ಮತ್ತು ಗ್ರೀನ್ಸ್ ಸೇರಿದರೆ 29 ಆಗುತ್ತಿತ್ತು, ಮೂರು ಕಡಿಮೆ. ಲೇಬರ್ ತಾನೊಂದೇ ಅಲ್ಪಮತದ ಆಡಳಿತ ರಚಿಸಿತು. ಅದಕ್ಕೆ ಲಿಬರಲ್ ಡೆಮಾಕ್ರಟರು ಮತ್ತು ಕನ್ಸರ್ವೇಟಿವರು ಮತ ನೀಡಿದರು. ಲೇಬರ್‌ನ ಕ್ಯಾಮಿ ಡೇ ಕೌನ್ಸಿಲ್ ನಾಯಕರಾದರು. ಅವರ ಪಕ್ಷದ್ದೇ ಇಬ್ಬರು ಸದಸ್ಯರು ಈ ಏರ್ಪಾಡನ್ನು ಒಪ್ಪದೆ ಮತದಾನದಿಂದ ದೂರ ಉಳಿದು ಅಮಾನತಿಗೆ ಒಳಗಾದರು. 63ರಲ್ಲಿ 13 ಸ್ಥಾನದ ಪಕ್ಷ ರಾಜಧಾನಿಯನ್ನು ಆಳತೊಡಗಿತು. 19 ಸ್ಥಾನದ ಪಕ್ಷ ವಿರೋಧದಲ್ಲಿ ಕುಳಿತಿತು.

ಕನ್ನಡಿಗರಿಗೆ ಈ ದೃಶ್ಯ ಹೊಸದೇನಲ್ಲ. 2018ರ ಮೇ ತಿಂಗಳಲ್ಲಿ ನಮ್ಮ ವಿಧಾನಸಭೆಯಲ್ಲಿ 104 ಸ್ಥಾನ ಗೆದ್ದ ಭಾರತೀಯ ಜನತಾ ಪಕ್ಷ ವಿರೋಧ ಪಕ್ಷವಾಗಿ, ಮೂರನೆಯ ಸ್ಥಾನದಲ್ಲಿದ್ದ ಜಾತ್ಯತೀತ ಜನತಾದಳದ ಎಚ್.ಡಿ. ಕುಮಾರಸ್ವಾಮಿಯವರು ಕಾಂಗ್ರೆಸ್ ಬೆಂಬಲದಿಂದ ಮುಖ್ಯಮಂತ್ರಿಯಾದದ್ದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ರೆಸಾರ್ಟು, ಬಸ್ಸು, ಮಧ್ಯರಾತ್ರಿಯ ಸುಪ್ರೀಂ ಕೋರ್ಟು ಎಲ್ಲವೂ ಇದ್ದವು. ಇಲ್ಲಿ ಅಂಥ ಸಡಗರವಿಲ್ಲ. ಚಹಾ ಕುಡಿದು, ಮುಚ್ಚಿದ ಕೋಣೆಯಲ್ಲಿ ಮಾತಾಡಿ, ಸಭೆಯಲ್ಲಿ ಕೈ ಎತ್ತುತ್ತಾರೆ. ಸದ್ದು ಕಡಿಮೆ ಎಂಬ ಕಾರಣಕ್ಕೆ ಇದು ನಮ್ಮ ಗಮನಕ್ಕೇ ಬರುವುದಿಲ್ಲ, ಅಷ್ಟೇ.

ಎಡಿನ್‌ಬರೋ ಒಂದೇ ಅಲ್ಲ. ಫೈಫ್‌ನಲ್ಲಿ 75 ಸ್ಥಾನಗಳ ಪೈಕಿ ಎಸ್‌ಎನ್‌ಪಿ 34 ಗೆದ್ದಿತು, ಬಹುಮತಕ್ಕೆ ನಾಲ್ಕೇ ಕಡಿಮೆ. ಆದರೆ ಆಡಳಿತ ಸಿಕ್ಕಿದ್ದು 20 ಸ್ಥಾನದ ಲೇಬರ್‌ಗೆ. ಅಲ್ಲಿಯೂ ಹಿಂದಿನ ಐದು ವರ್ಷ ಈ ಎರಡು ಪಕ್ಷಗಳು ಜಂಟಿಯಾಗಿ ಅಧಿಕಾರ ನಡೆಸಿದ್ದವು. ಸ್ಟರ್ಲಿಂಗ್‌ನಲ್ಲಿ 23 ಸ್ಥಾನಗಳು: ಎಸ್‌ಎನ್‌ಪಿ 8, ಕನ್ಸರ್ವೇಟಿವ್ 7, ಲೇಬರ್ 6. ಮೂರನೆಯ ಸ್ಥಾನದ ಲೇಬರ್, ಕನ್ಸರ್ವೇಟಿವರ ಬೆಂಬಲದಿಂದ ಆಡಳಿತ ಹಿಡಿಯಿತು. ಇನ್ನೊಂದು ಬಗೆಯ ಉದಾಹರಣೆ ಅಬರ್ಡೀನ್. ಅಲ್ಲಿ 45ರಲ್ಲಿ ಎಸ್‌ಎನ್‌ಪಿ 20 ಗೆದ್ದು, ನಾಲ್ಕು ಸ್ಥಾನದ ಲಿಬರಲ್ ಡೆಮಾಕ್ರಟರೊಂದಿಗೆ ಬಹಿರಂಗ ಮೈತ್ರಿ ಮಾಡಿಕೊಂಡಿತು; ಎಡಿನ್‌ಬರೋದಲ್ಲಿ ಎಸ್‌ಎನ್‌ಪಿಯನ್ನು ಹೊರಗಿಟ್ಟ ಲಿಬರಲ್ ಡೆಮಾಕ್ರಟರೇ ಅಲ್ಲಿ ಅದೇ ಪಕ್ಷವನ್ನು ಅಧಿಕಾರದಲ್ಲಿ ಕೂರಿಸಿದರು. ಗ್ಲಾಸ್ಗೊದಲ್ಲಿ 85 ಸ್ಥಾನಗಳಲ್ಲಿ ಎಸ್‌ಎನ್‌ಪಿ 37, ಲೇಬರ್ 36, ಗ್ರೀನ್ಸ್ 10, ಕನ್ಸರ್ವೇಟಿವ್ 2. ಒಂದೇ ಸ್ಥಾನದ ಅಂತರದಲ್ಲಿ ಎಸ್‌ಎನ್‌ಪಿ ಮೊದಲಾಯಿತು, ಗ್ರೀನ್ಸ್ ಜೊತೆಗಿನ ಒಪ್ಪಂದದ ಮೇಲೆ ಸೂಸನ್ ಏಟ್ಕನ್ ನಾಯಕರಾಗಿ ಮುಂದುವರಿದರು. ನಾನು ಕೊಡುತ್ತಿರುವುದೆಲ್ಲ ಚುನಾವಣೆಯ ದಿನದ ಅಂಕಿಗಳು. ನಡುವೆ ಉಪಚುನಾವಣೆ, ಪಕ್ಷಾಂತರಗಳಿಂದ ಆದ ಏರಿಳಿತ ಬೇರೆ.

ಇದೆಲ್ಲ ಅಕ್ರಮವೆಂದು ನಾನು ಹೇಳುತ್ತಿಲ್ಲ. ಕೌನ್ಸಿಲ್ ಸಭೆಯಲ್ಲಿ ಯಾರ ಪರ ಹೆಚ್ಚು ಕೈ ಏಳುತ್ತವೋ ಅವರೇ ನಾಯಕರು. ಅದು ಪ್ರಜಾಸತ್ತೆಯ ಸರಳ ನಿಯಮ. ಅತಿ ದೊಡ್ಡ ಪಕ್ಷಕ್ಕೇ ಅಧಿಕಾರ ಸಿಗಬೇಕೆಂಬ ಹಕ್ಕೂ ಎಲ್ಲಿಯೂ ಬರೆದಿಲ್ಲ. ಲೇಬರ್ ಪಕ್ಷದ ಸ್ಕಾಟಿಷ್ ನಾಯಕ ಅನಸ್ ಸರ್ವರ್ ಅವರು, ತಮ್ಮ ಪಕ್ಷ ಎಸ್‌ಎನ್‌ಪಿಯ ಜೊತೆಯಾಗಲಿ ಕನ್ಸರ್ವೇಟಿವರ ಜೊತೆಯಾಗಲಿ ಔಪಚಾರಿಕ ಮೈತ್ರಿ ಮಾಡಿಕೊಳ್ಳುವುದಿಲ್ಲವೆಂದು ಚುನಾವಣೆಗೆ ಮುಂಚೆಯೇ ಸಾರಿದ್ದರು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಆ ಮಾತಿನ ಪರಿಣಾಮ ಏನಾಯಿತು? ಮೈತ್ರಿ ಇಲ್ಲ, ಬಾಹ್ಯ ಬೆಂಬಲ ಇದೆ. ಮೈತ್ರಿಯಾದರೆ ಲಿಖಿತ ಒಪ್ಪಂದ, ಹೊಣೆ ಹಂಚಿಕೆ, ಜನರ ಮುಂದೆ ಇಡಬಹುದಾದ ಕಾರ್ಯಸೂಚಿ ಇರುತ್ತದೆ. ಬಾಹ್ಯ ಬೆಂಬಲದಲ್ಲಿ ಅದ್ಯಾವುದೂ ಇರಲೇಬೇಕೆಂದಿಲ್ಲ. ಬೆಂಬಲ ಕೊಟ್ಟವರು ಬೇಕಾದಾಗ ಹೊಣೆಯಿಂದ ನುಣುಚಿಕೊಳ್ಳಬಹುದು. ಎಡಿನ್‌ಬರೋದಲ್ಲಿ 2023ರ ಫೆಬ್ರುವರಿಯ ಬಜೆಟ್ ಸಭೆಯಲ್ಲಿ ಅಂಗೀಕಾರವಾದದ್ದು ಆಡಳಿತ ನಡೆಸುತ್ತಿದ್ದ ಲೇಬರ್‌ನ ಬಜೆಟ್ ಅಲ್ಲ, 12 ಸದಸ್ಯರ ಲಿಬರಲ್ ಡೆಮಾಕ್ರಟರು ಮಂಡಿಸಿದ ಬಜೆಟ್. ನಗರದ ಖರ್ಚುವೆಚ್ಚ ತಪ್ಪಿದರೆ ಯಾರನ್ನು ಕೇಳಬೇಕು? ಮತದಾರನಿಗೆ ಉತ್ತರ ಹೇಳಬೇಕಾದವರು ಯಾರೆಂದೇ ಗೊತ್ತಾಗದಂತಹ ಆಡಳಿತವನ್ನು ನಾನು ಒಳ್ಳೆಯದೆಂದು ಒಪ್ಪಲಾರೆ.

ಇಂಥ ಅತಂತ್ರಕ್ಕೆ ಚುನಾವಣಾ ಪದ್ಧತಿಯೇ ಕಾರಣ, ಅದನ್ನೇ ತೆಗೆದುಹಾಕಬೇಕು ಎನ್ನುವವರಿದ್ದಾರೆ. ಅವರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ವಾರ್ಡಿನಲ್ಲಿ ಹೆಚ್ಚು ಮತ ಪಡೆದ ಒಬ್ಬರೇ ಗೆಲ್ಲುತ್ತಿದ್ದ ಹಳೆಯ ಪದ್ಧತಿ ಏನು ಮಾಡುತ್ತಿತ್ತೆಂಬುದಕ್ಕೆ 2003ರ ಗ್ಲಾಸ್ಗೊ ಸಾಕು: ಅರ್ಧಕ್ಕಿಂತ ಕಡಿಮೆ ಮತ ಪಡೆದ ಲೇಬರ್ 79 ಸ್ಥಾನಗಳಲ್ಲಿ 71ನ್ನು ಬಾಚಿಕೊಂಡಿತ್ತು. ಬೇರೆ ಪಕ್ಷಕ್ಕೆ ಮತ ಹಾಕಿದ ಅರ್ಧಕ್ಕೂ ಹೆಚ್ಚು ಜನರಿಗೆ ಸಭೆಯಲ್ಲಿ ಹೆಚ್ಚುಕಡಿಮೆ ದನಿಯೇ ಇರಲಿಲ್ಲ. ಆಗ ಲೇಬರ್ ಜೊತೆ ಸ್ಕಾಟ್ಲೆಂಡಿನ ಸರ್ಕಾರದಲ್ಲಿದ್ದ ಲಿಬರಲ್ ಡೆಮಾಕ್ರಟರು ಪಟ್ಟು ಹಿಡಿದದ್ದರಿಂದ 2004ರಲ್ಲಿ ಹೊಸ ಕಾಯ್ದೆ ಬಂದು, 2007ರ ಚುನಾವಣೆಯಿಂದ ಪ್ರಾಶಸ್ತ್ಯದ ಮತದ ಪದ್ಧತಿ ಜಾರಿಯಾಯಿತು. ಒಂದು ವಾರ್ಡಿನಿಂದ ಸಾಮಾನ್ಯವಾಗಿ ಮೂವರು ಅಥವಾ ನಾಲ್ವರು ಕೌನ್ಸಿಲರ್‌ಗಳು ಆಯ್ಕೆಯಾಗುತ್ತಾರೆ. ಮತದಾರರು ಹೆಸರುಗಳ ಎದುರು 1, 2, 3 ಎಂದು ಅಂಕಿ ಬರೆಯುತ್ತಾರೆ.

ಈ ಪದ್ಧತಿ ನಮಗೆ ಅಪರಿಚಿತವೇನೂ ಅಲ್ಲ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೋ ಶಿಕ್ಷಕರ ಕ್ಷೇತ್ರಕ್ಕೋ ಮತ ಹಾಕಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅಲ್ಲಿ ಆಯೋಗವೇ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಅಂಕಿ ಬರೆದಿದ್ದೇವೆ, ಇಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತೇವೆ. ಎಣಿಕೆಯ ಲೆಕ್ಕವೂ ನಮ್ಮ ರಾಜ್ಯಸಭಾ ಚುನಾವಣೆಯದ್ದೇ ಜಾತಿಯದು. ಸ್ಕಾಟ್ಲೆಂಡಿನಲ್ಲಿ ಈ ಚುನಾವಣೆ ನಡೆದ ಮರು ತಿಂಗಳೇ, 2022ರ ಜೂನ್ 10ರಂದು, ಕರ್ನಾಟಕದ ನಾಲ್ಕು ರಾಜ್ಯಸಭಾ ಸ್ಥಾನಗಳಿಗೆ ಮತದಾನ ನಡೆಯಿತು. 224 ಶಾಸಕರು, ನಾಲ್ಕು ಸ್ಥಾನ. ಮತಗಳನ್ನು ಸ್ಥಾನಗಳಿಗಿಂತ ಒಂದು ಹೆಚ್ಚು, ಅಂದರೆ ಐದರಿಂದ ಭಾಗಿಸಿ, ಭಾಗಲಬ್ಧದ ಭಿನ್ನಾಂಶ ಬಿಟ್ಟು ಒಂದು ಕೂಡಿಸಿದರೆ 45 ಮತಗಳ ಕೋಟಾ; ಗೆಲ್ಲಲು ಅಷ್ಟು ಮತ ಸಾಕು. ಕಾಂಗ್ರೆಸ್ಸೂ ಜನತಾದಳವೂ ಎರಡನೆಯ ಪ್ರಾಶಸ್ತ್ಯದ ಬಗ್ಗೆ ಒಪ್ಪಂದಕ್ಕೆ ಬಾರದೆ ಹಗ್ಗ ಜಗ್ಗಾಡಿದವು. ನಾಲ್ಕನೆಯ ಸ್ಥಾನವೂ ಬಿಜೆಪಿಗೆ ಹೋಗಿ ಆ ಪಕ್ಷ ಮೂರು ಗೆದ್ದಿತು, ಕಾಂಗ್ರೆಸ್ ಒಂದನ್ನು ಉಳಿಸಿಕೊಂಡಿತು. ಸ್ಕಾಟ್ಲೆಂಡಿನ ವಾರ್ಡಿನಲ್ಲಿ ನಡೆಯುವುದೂ ಇದೇ ಲೆಕ್ಕ. ನಾಲ್ಕು ಸ್ಥಾನದ ವಾರ್ಡಿನಲ್ಲಿ 8,000 ಸಿಂಧು ಮತಗಳು ಬಿದ್ದರೆ ಕೋಟಾ 1,601. ಕೋಟಾ ದಾಟಿದವರ ಹೆಚ್ಚುವರಿ ಮತಗಳು ಮುಂದಿನ ಪ್ರಾಶಸ್ತ್ಯದವರಿಗೆ ಅದರದೇ ಪ್ರಮಾಣದಲ್ಲಿ ಹಂಚಿಹೋಗುತ್ತವೆ. ಯಾರೂ ಕೋಟಾ ಮುಟ್ಟದ ಸುತ್ತಿನಲ್ಲಿ ಎಲ್ಲರಿಗಿಂತ ಕಡಿಮೆ ಮತ ಪಡೆದವರು ಹೊರಬಿದ್ದು ಅವರ ಮತಗಳು ಮುಂದಿನವರಿಗೆ ಹೋಗುತ್ತವೆ. ಈ ಎಣಿಕೆಯನ್ನು ಇಲ್ಲಿ ಯಂತ್ರಗಳು ಮಾಡುತ್ತವೆ. ದೊಡ್ಡ ವ್ಯತ್ಯಾಸ ಒಂದಿದೆ: ರಾಜ್ಯಸಭೆಗೆ ಮತ ಹಾಕುವ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಬೇಕು, ನಮ್ಮ ಮತಪತ್ರವನ್ನು ಇಲ್ಲಿ ಯಾರೂ ನೋಡುವಂತಿಲ್ಲ.

ಇದನ್ನು ಇಷ್ಟು ವಿವರಿಸಲು ಕಾರಣ, ನಮ್ಮವರಲ್ಲಿ ಹಲವರು ಒಂದೇ ಹೆಸರಿಗೆ ಅಂಕಿ ಬರೆದು ಪೆನ್ಸಿಲ್ ಕೆಳಗಿಡುತ್ತಾರೆ. ಎರಡನೆಯ ಪ್ರಾಶಸ್ತ್ಯ ಕೊಟ್ಟರೆ ಮೊದಲನೆಯವರಿಗೆ ನಷ್ಟವಾಗುತ್ತದೆ ಎಂಬ ಅನುಮಾನವೇ ಇದಕ್ಕೆ ಮೂಲ. ಆ ಅನುಮಾನಕ್ಕೆ ಆಧಾರವಿಲ್ಲ. ನಿಮ್ಮ ಮೊದಲ ಪ್ರಾಶಸ್ತ್ಯದವರು ಗೆಲ್ಲುವವರೆಗೆ ಅಥವಾ ಸ್ಪರ್ಧೆಯಿಂದ ಹೊರಬೀಳುವವರೆಗೆ ಎರಡನೆಯ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂಕಿ ಬರೆಯದೆ ನಿಲ್ಲಿಸಿದರೆ ಮಾತ್ರ ನಿಮ್ಮ ಮತ ನಡುದಾರಿಯಲ್ಲೇ ನಿಂತುಹೋಗುತ್ತದೆ. ಎಷ್ಟೋ ವಾರ್ಡುಗಳಲ್ಲಿ ಕೊನೆಯ ಸ್ಥಾನ ಇತ್ಯರ್ಥವಾಗುವುದು ಇಂಥ ಮೂರನೆಯ, ನಾಲ್ಕನೆಯ ಪ್ರಾಶಸ್ತ್ಯಗಳಿಂದಲೇ, ಮತ್ತು ಗ್ಲಾಸ್ಗೊದಂತೆ ಒಂದು ಸ್ಥಾನದ ಅಂತರದಲ್ಲಿ ನಗರದ ಗತಿ ನಿರ್ಧಾರವಾಗುವಾಗ ಆ ಕೊನೆಯ ಸ್ಥಾನಕ್ಕೆ ಬಹಳ ಬೆಲೆ. ನನ್ನ ಪ್ರಶ್ನೆಗೂ ಇದಕ್ಕೂ ನೇರ ಸಂಬಂಧವಿದೆ: ನಿಮ್ಮ ಪಕ್ಷ ಯಾರ ಜೊತೆ ಸೇರಲಿ ಎಂದು ನೀವು ಬಯಸುತ್ತೀರೋ ಅದನ್ನು ಮತಪತ್ರದ ಮೇಲೆಯೇ ಹೇಳಲು ಎರಡು, ಮೂರನೆಯ ಅಂಕಿಗಳಲ್ಲದೆ ಬೇರೆ ದಾರಿಯಿಲ್ಲ.

2022ರಲ್ಲಿ ನೂರಕ್ಕೆ ಎರಡಕ್ಕಿಂತ ಸ್ವಲ್ಪ ಕಡಿಮೆ ಮತಪತ್ರಗಳು ಕುಲಗೆಟ್ಟವು. ಇಂಥವುಗಳಲ್ಲಿ ಹೆಚ್ಚಿನವು ಒಬ್ಬರಿಗಿಂತ ಹೆಚ್ಚು ಅಭ್ಯರ್ಥಿಗಳಿಗೆ 1 ಎಂದು ಬರೆದದ್ದರಿಂದ, ಇಲ್ಲವೇ ಇಂಟು ಗುರುತನ್ನು ಹಲವರ ಎದುರು ಹಾಕಿದ್ದರಿಂದ ಹಾಳಾಗುತ್ತವೆ. ಹಿರಿಯರನ್ನು ಮತಗಟ್ಟೆಗೆ ಕರೆದೊಯ್ಯುವವರು ಈ ಒಂದು ವಿಷಯವನ್ನು ಮನೆಯಲ್ಲೇ ಹೇಳಿಕೊಟ್ಟರೆ ಸಾಕು.

ಇನ್ನೊಂದು ವಿಚಿತ್ರ ಸಂಗತಿಯಿದೆ, ಅದು ನಮ್ಮ ಹೆಸರುಗಳಿಗೆ ನೇರವಾಗಿ ತಾಗುತ್ತದೆ. ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರುಗಳನ್ನು ಅಡ್ಡಹೆಸರಿನ ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ ಅಚ್ಚು ಹಾಕುತ್ತಾರೆ. ಒಂದೇ ಪಕ್ಷದ ಇಬ್ಬರು ನಿಂತಿರುವ ವಾರ್ಡಿನಲ್ಲಿ ಮೇಲೆ ಹೆಸರಿರುವವರಿಗೆ 1, ಕೆಳಗಿರುವವರಿಗೆ 2 ಎಂದು ಬರೆದುಬಿಡುವ ಅಭ್ಯಾಸ ಮತದಾರರಲ್ಲಿ ಬಲವಾಗಿದೆಯೆಂದು 2007ರಿಂದಲೂ ಪ್ರತಿ ಚುನಾವಣೆಯ ಫಲಿತಾಂಶ ತೋರಿಸಿಕೊಟ್ಟಿದೆ. ಅಡಿಗರಿಗೆ ಅನುಕೂಲ, ವೆಂಕಟೇಶರಿಗೆ ಅನನುಕೂಲ. ಪಕ್ಷಗಳು ಇದನ್ನು ಸರಿದೂಗಿಸಲು ವಾರ್ಡನ್ನು ಎರಡು ಭಾಗ ಮಾಡಿ, ಈ ಬೀದಿಗಳಲ್ಲಿ ಒಬ್ಬರಿಗೆ ಮೊದಲ ಪ್ರಾಶಸ್ತ್ಯ, ಆ ಬೀದಿಗಳಲ್ಲಿ ಇನ್ನೊಬ್ಬರಿಗೆ ಎಂದು ಕರಪತ್ರ ಹಂಚುತ್ತವೆ. ನಿಮ್ಮ ಮನೆಗೂ ಪಕ್ಕದ ಬೀದಿಯ ಸ್ನೇಹಿತರ ಮನೆಗೂ ಒಂದೇ ಪಕ್ಷದಿಂದ ಬೇರೆ ಬೇರೆ ಕರಪತ್ರ ಬಂದರೆ ಅದು ಮುದ್ರಣದೋಷವಲ್ಲ. ಆ ಸಲಹೆಯನ್ನು ಪಾಲಿಸಬೇಕಾದ ಕಟ್ಟುಪಾಡೂ ನಿಮಗಿಲ್ಲ.

ಈಗ ನಮ್ಮ ಹಕ್ಕಿನ ವಿಷಯ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಕೆಲಸದ ವೀಸಾದ ಮೇಲೋ ವಿದ್ಯಾರ್ಥಿ ವೀಸಾದ ಮೇಲೋ ಇಲ್ಲಿರುವ ಬಹಳಷ್ಟು ಜನ, ಬ್ರಿಟಿಷ್ ಪೌರತ್ವ ಪಡೆಯದೆ ಮತ ಹಾಕುವಂತಿಲ್ಲವೆಂದು ತಿಳಿದಿದ್ದಾರೆ. ಅದು ನಿಜವಲ್ಲ. ಕಾಮನ್‌ವೆಲ್ತ್ ದೇಶದ ಪ್ರಜೆಗಳಾದ ನಮಗೆ ಇಲ್ಲಿ ಕಾನೂನುಬದ್ಧವಾಗಿ ವಾಸಿಸುತ್ತಿದ್ದರೆ ಮತದ ಹಕ್ಕು ಮೊದಲಿನಿಂದಲೂ ಇದೆ. 2020ರ ಕಾಯ್ದೆಯ ನಂತರ ಕೌನ್ಸಿಲ್ ಮತ್ತು ಸ್ಕಾಟಿಷ್ ಸಂಸತ್ತಿನ ಚುನಾವಣೆಗಳಲ್ಲಿ ಆ ಹಕ್ಕು ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಎಲ್ಲ ದೇಶಗಳ ಪ್ರಜೆಗಳಿಗೂ ವಿಸ್ತರಿಸಿದೆ. ವಯಸ್ಸು 16 ತುಂಬಿದ್ದರೆ ಸಾಕು. ನಮ್ಮ ಹೈಸ್ಕೂಲಿನ ಮಕ್ಕಳು ಭಾರತದಲ್ಲಿ ಮತ ಹಾಕಲು ಇನ್ನೆರಡು ವರ್ಷ ಕಾಯಬೇಕಾದರೆ, ಇಲ್ಲಿ ತಂದೆ ತಾಯಿಯ ಜೊತೆಯಲ್ಲೇ ಮತಗಟ್ಟೆಗೆ ಬರಬಹುದು. ಲಂಡನ್ನಿನ ಸಂಸತ್ತಿನ ಚುನಾವಣೆಗೆ ಬೇಕಾಗುವ ಭಾವಚಿತ್ರವಿರುವ ಗುರುತಿನ ಚೀಟಿ ಕೌನ್ಸಿಲ್ ಚುನಾವಣೆಗೆ ಬೇಕಿಲ್ಲ. ಬೇಕಾದದ್ದು ಮತದಾರರ ಪಟ್ಟಿಯಲ್ಲಿ ಹೆಸರು, ಅಷ್ಟೇ. ಬಾಡಿಗೆ ಮನೆ ಬದಲಿಸಿದಾಗಲೆಲ್ಲ ಅದನ್ನು ಹೊಸ ವಿಳಾಸದಲ್ಲಿ ಮತ್ತೆ ನೋಂದಾಯಿಸಬೇಕು. ನಮ್ಮವರ ಹೆಸರು ಪಟ್ಟಿಯಿಂದ ತಪ್ಪಿಹೋಗುವುದು ಹೆಚ್ಚಾಗಿ ಇಲ್ಲಿಯೇ.

2022ರಲ್ಲಿ ಮತ ಹಾಕಿದವರು ನೂರಕ್ಕೆ 44.8. 2017ರಲ್ಲಿ 46.9 ಇತ್ತು, 2012ರಲ್ಲಿ 40ಕ್ಕೂ ಕಡಿಮೆ. ಸ್ಥಳೀಯರೇ ಅರ್ಧಕ್ಕಿಂತ ಹೆಚ್ಚು ಮಂದಿ ಮನೆಯಲ್ಲಿ ಉಳಿಯುವಾಗ ನಮಗೇಕೆ ಉಸಾಬರಿ ಎನ್ನಬಹುದು. ನಾನು ಅದನ್ನು ತಿರುಗಿಸಿ ಹೇಳುತ್ತೇನೆ: ಕಡಿಮೆ ಜನ ಮತ ಹಾಕುವ ವಾರ್ಡಿನಲ್ಲಿ ನೂರಿನ್ನೂರು ಮತಗಳು ಕೊನೆಯ ಸ್ಥಾನವನ್ನು ಅತ್ತಿತ್ತ ಮಾಡಬಲ್ಲವು. ಬೆಂಗಳೂರಿನಿಂದ ಬಂದವರಿಗೆ ಇದನ್ನು ಒತ್ತಿ ಹೇಳಬೇಕಾಗಿಲ್ಲ. 2015ರಲ್ಲಿ ಆಯ್ಕೆಯಾದ ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅಲ್ಲಿ ಚುನಾವಣೆಯೇ ನಡೆಯದೆ, ವಾರ್ಡಿನ ಚರಂಡಿಗೂ ಅಧಿಕಾರಿಗಳ ಕಚೇರಿಗೆ ಅಲೆಯಬೇಕಾಗಿ ಬಂದದ್ದನ್ನು ಕಂಡವರು ನಾವು.

ಕೌನ್ಸಿಲ್‌ನ ಕೈಯಲ್ಲಿರುವುದು ಸಣ್ಣಪುಟ್ಟ ವಿಷಯಗಳೂ ಅಲ್ಲ. ನಮ್ಮ ಮಕ್ಕಳ ಶಾಲೆ, ನರ್ಸರಿಯ ಸೀಟು, ಹಿರಿಯರ ಆರೈಕೆ, ರಸ್ತೆ, ಗ್ರಂಥಾಲಯ, ಕಸ, ಮನೆ ವಿಸ್ತರಿಸಲು ಬೇಕಾದ ಅನುಮತಿ, ಕಡೆಗೆ ನಮ್ಮ ರಾಜ್ಯೋತ್ಸವಕ್ಕೆ ಬಾಡಿಗೆಗೆ ಹಿಡಿಯುವ ಶಾಲಾ ಸಭಾಂಗಣದ ದರ, ಎಲ್ಲವೂ ಅಲ್ಲಿಯೇ ತೀರ್ಮಾನವಾಗುತ್ತವೆ. 2022ರ ಆಗಸ್ಟಿನಲ್ಲಿ, ಹೊಸ ಆಡಳಿತ ಬಂದು ಮೂರು ತಿಂಗಳಾಗುವಷ್ಟರಲ್ಲಿ, ಸಂಬಳದ ವಿವಾದದಿಂದ ಕಸ ಎತ್ತುವ ಕಾರ್ಮಿಕರು ಮುಷ್ಕರ ಹೂಡಿ, ಲೋಕವೆಲ್ಲ ಬಂದು ನೆರೆಯುವ ಉತ್ಸವದ ದಿನಗಳಲ್ಲೇ ಎಡಿನ್‌ಬರೋದ ಬೀದಿಗಳಲ್ಲಿ ಕಸದ ರಾಶಿ ಬಿದ್ದಿತ್ತು. ಆ ಸಂಬಳದ ಹಣದಲ್ಲಿ ಸ್ಕಾಟಿಷ್ ಸರ್ಕಾರದ ಪಾಲೆಷ್ಟು, ಕೌನ್ಸಿಲ್‌ಗಳ ಪಾಲೆಷ್ಟು ಎಂಬ ಜಗಳದಲ್ಲಿ ಎಡಿನ್‌ಬರೋದ ಲೇಬರ್ ಆಡಳಿತ ಎಸ್‌ಎನ್‌ಪಿ ಸರ್ಕಾರದತ್ತ, ಸರ್ಕಾರ ಕೌನ್ಸಿಲ್‌ಗಳತ್ತ ಬೆರಳು ತೋರಿಸಿದವು.

ಕೌನ್ಸಿಲ್ ತೆರಿಗೆಯ ಕತೆಯೂ ಹೀಗೆಯೇ. 2023ರ ಅಕ್ಟೋಬರಿನಲ್ಲಿ ಆಗಿನ ಫಸ್ಟ್ ಮಿನಿಸ್ಟರ್, ಅಂದರೆ ಸ್ಕಾಟಿಷ್ ಸರ್ಕಾರದ ಮುಖ್ಯಸ್ಥ, ಹುಮ್ಜಾ ಯೂಸಫ್ ಅವರು ಮುಂದಿನ ವರ್ಷ ತೆರಿಗೆ ಏರಿಸುವಂತಿಲ್ಲವೆಂದು ಘೋಷಿಸಿದರು. ತಡೆ ತೆರವಾದ ಕೂಡಲೇ, 2025ರ ಏಪ್ರಿಲ್‌ನಿಂದ, ಎಡಿನ್‌ಬರೋದಲ್ಲಿ ತೆರಿಗೆ ನೂರಕ್ಕೆ 8ರಷ್ಟು, ಗ್ಲಾಸ್ಗೊದಲ್ಲಿ 7.5ರಷ್ಟು ಏರಿತು; ಫಾಲ್ಕರ್ಕ್‌ನಲ್ಲಿ ಒಂದೇ ಏಟಿಗೆ 15.6ರಷ್ಟು. ಕೌನ್ಸಿಲ್‌ಗಳ ಆದಾಯದ ಬಹುಪಾಲು ಸ್ಕಾಟಿಷ್ ಸರ್ಕಾರದ ಅನುದಾನದಿಂದ ಬರುವುದರಿಂದ ಏರಿಕೆಯ ಹೊಣೆಯೆಲ್ಲ ಸ್ಥಳೀಯರದ್ದೇ ಎನ್ನಲಾಗದು. ಆದರೂ ಬಜೆಟ್ಟಿನ ದಿನ ಯಾವ ಪಕ್ಷ ಯಾರ ಪರ ಕೈ ಎತ್ತಿತು ಎಂಬುದರ ಮೇಲೆ ನಿಮ್ಮ ಮನೆಗೆ ಬರುವ ಬಿಲ್ಲು ನಿಂತಿದೆ. ಆ ಕೈಗಳು ಯಾರ ಜೊತೆ ಏಳುತ್ತವೆಂಬುದನ್ನು ಮುಂಚಿತವಾಗಿ ತಿಳಿಯುವ ಅಧಿಕಾರ ತೆರಿಗೆ ಕಟ್ಟುವವರಿಗೆ ಇರಬೇಡವೇ?

ಅಭ್ಯರ್ಥಿಗಳು ಈ ಪ್ರಶ್ನೆಗೆ ಸಾಮಾನ್ಯವಾಗಿ ಕೊಡುವ ಉತ್ತರ ನನಗೆ ಗೊತ್ತು: ನಾವು ಗೆಲ್ಲಲು ಸ್ಪರ್ಧಿಸಿದ್ದೇವೆ, ಮೈತ್ರಿಯ ಮಾತು ಆಮೇಲೆ. ಆದರೆ 32ರಲ್ಲಿ 27 ಕಡೆ ಅತಂತ್ರವಾಗುವ ದೇಶದಲ್ಲಿ ಈ ಉತ್ತರ ಪ್ರಾಮಾಣಿಕವಲ್ಲ. ಅನೇಕ ವಾರ್ಡುಗಳಲ್ಲಿ ಪಕ್ಷಗಳು ಇರುವ ಸ್ಥಾನಗಳಷ್ಟು ಅಭ್ಯರ್ಥಿಗಳನ್ನೇ ಹಾಕುವುದಿಲ್ಲ. ನಾಲ್ಕು ಸ್ಥಾನದ ವಾರ್ಡಿನಲ್ಲಿ ಒಬ್ಬರನ್ನೋ ಇಬ್ಬರನ್ನೋ ನಿಲ್ಲಿಸುತ್ತವೆ. ಬಹುಮತ ಬರುವುದಿಲ್ಲವೆಂದು ಲೆಕ್ಕ ಹಾಕಿಯೇ ನಾಮಪತ್ರ ಸಲ್ಲಿಸಿದವರು, ಬಹುಮತ ಬಾರದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ಅದನ್ನು ಊಹಾತ್ಮಕ ಪ್ರಶ್ನೆಯೆಂದು ತಳ್ಳಿಹಾಕುವುದು ಸಲ್ಲದು.

ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆ ಇದು. ನಮ್ಮ ಕಾರ್ಯಕ್ರಮಗಳಿಗೆ ಸ್ಥಳೀಯ ಕೌನ್ಸಿಲರ್‌ಗಳನ್ನು ಕರೆದು, ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಫೋಟೊ ತೆಗೆಸಿಕೊಂಡು ಕಳುಹಿಸುವ ಪದ್ಧತಿ ಇದೆ. ಅದರ ಬಗ್ಗೆ ನನಗೆ ಆಕ್ಷೇಪವಿಲ್ಲ. ಅತಿಥಿ ಸತ್ಕಾರ ನಮ್ಮ ಗುಣ. ಆದರೆ ಪೇಟ ತೊಟ್ಟವರನ್ನು ಒಂದು ಪ್ರಶ್ನೆ ಕೇಳುವ ರೂಢಿಯೂ ಬೆಳೆಯಲಿ. 2027ರ ಏಪ್ರಿಲ್ ತಿಂಗಳಲ್ಲಿ, ನಾಮಪತ್ರಗಳ ಪಟ್ಟಿ ಅಂತಿಮವಾದ ಮೇಲೆ, ಯುಗಾದಿಯ ಸಮಾರಂಭದ ಆಸುಪಾಸಿನಲ್ಲಿಯೇ, ನಮ್ಮ ಸದಸ್ಯರು ಹೆಚ್ಚಾಗಿರುವ ವಾರ್ಡುಗಳ ಎಲ್ಲ ಪಕ್ಷಗಳ ಮತ್ತು ಪಕ್ಷೇತರ ಅಭ್ಯರ್ಥಿಗಳನ್ನು ಒಂದೇ ವೇದಿಕೆಗೆ ಆಹ್ವಾನಿಸಿ. ಧರ್ಮಾರ್ಥ ಸಂಸ್ಥೆಯಾಗಿ ನೋಂದಾಯಿಸಿಕೊಂಡ ಸಂಘಗಳು ಯಾವುದೇ ಪಕ್ಷದ ಏಳಿಗೆಗಾಗಿ ಕೆಲಸ ಮಾಡುವಂತಿಲ್ಲವಾದ್ದರಿಂದ ಎಲ್ಲರನ್ನೂ ಕರೆಯಲೇಬೇಕು, ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಬೇಕು. ಯಾರ ಜೊತೆ ಸೇರುತ್ತೀರಿ, ಯಾರ ಬೆಂಬಲ ಪಡೆಯುವುದಿಲ್ಲ? ಒಪ್ಪಂದವಾದರೆ ಅದರ ಪೂರ್ಣ ಪಾಠವನ್ನು ನಾಯಕರ ಆಯ್ಕೆಯ ಸಭೆಗೆ ಮುಂಚೆಯೇ ಪ್ರಕಟಿಸುತ್ತೀರಾ? ನಿಮ್ಮದಲ್ಲದ ಬಜೆಟ್ ಅಂಗೀಕಾರವಾದರೆ ಅಧಿಕಾರದಲ್ಲಿ ಉಳಿಯುತ್ತೀರಾ, ಬಿಡುತ್ತೀರಾ? ಈ ಮೂರಕ್ಕೆ ಸಿಕ್ಕ ಉತ್ತರಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸದಸ್ಯರಿಗೆ ಕಳುಹಿಸಿ. ಬರಲಾಗದವರಿಂದ ಬರಹದಲ್ಲಿ ಉತ್ತರ ಕೇಳಿ. ಕೊಡದವರ ಹೆಸರಿನ ಎದುರು ‘ಉತ್ತರ ಬಂದಿಲ್ಲ’ ಎಂದೇ ಅಚ್ಚು ಹಾಕಿ. ಚುನಾವಣೆಯಾದ ಮೇಲೆ ಮೇ ತಿಂಗಳಲ್ಲಿ ನಾಯಕರನ್ನು ಆರಿಸುವ ಕೌನ್ಸಿಲ್ ಸಭೆಯನ್ನು ಎಡಿನ್‌ಬರೋದಲ್ಲಿ ಅಂತರ್ಜಾಲದಲ್ಲಿ ನೇರವಾಗಿ ನೋಡಬಹುದು. ಆ ಹಾಳೆಯನ್ನು ಅಂದು ಕೈಯಲ್ಲಿ ಹಿಡಿದುಕೊಂಡು ಕುಳಿತುಕೊಳ್ಳಲು ನಾನಂತೂ ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಎಡಿನ್‌ಬರೋದ ಒಬ್ಬ ಕನ್ನಡಿಗ ಮತದಾರ